ಅಟ್ಟದ ಟ್ರಂಕಲ್ಲಿ ಸಿಕ್ಕಿದ್ದೆಲ್ಲಾ ಪಬ್ಲಿಕ್ ಡೊಮೈನಾ?

ಹೋದ ಶಿವರಾತ್ರಿಗೆ ತಿಪಟೂರು ಹತ್ರ ನಮ್ಮೂರಿಗೆ ಹೋಗಿದ್ದಾಗ ಅಟ್ಟದ ಮೇಲಿಂದ ದೊಡ್ಡಪ್ಪನ ಕಬ್ಬಿಣದ ಟ್ರಂಕು ಇಳಿಸಿದ್ವಿ. ದೊಡ್ಡಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು, ಊರ ನಾಟಕಕ್ಕೆ ಪಕ್ಕದಲ್ಲಿ ನಿಂತು ಮಾತು ಹೇಳಿಕೊಡ್ತಿದ್ದವರೂ ಅವರೇ, ಕೈಗೆ ಸಿಕ್ಕಿದ ಒಂದು ಹಾಳೆಯನ್ನೂ ಬಿಸಾಕಿದವರಲ್ಲ. ಟ್ರಂಕಲ್ಲಿ ಏನೇನಿತ್ತು ಅಂದ್ರೆ ಬೈಂಡು ಕಿತ್ತೋದ ನಾಲ್ಕೈದು ಪುಸ್ತಕ, ಹೈಸ್ಕೂಲಿನ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಕುರುಕ್ಷೇತ್ರ ನಾಟಕದ ಕೈಬರಹದ ಪುಸ್ತಕ, ಒಂದು ಗ್ರೂಪ್ ಫೋಟೋ, ಇನ್‌ಲ್ಯಾಂಡ್ ಲೆಟರ್ ಕಟ್ಟು, ಅಜ್ಜಿ ಹಾಡು ಬರೆಸಿಟ್ಟಿದ್ದ ನೋಟ್ ಬುಕ್ಕು, ಒಂದು ಕ್ಯಾಸೆಟ್ಟು, ತಳದಲ್ಲಿ ಕೆಂಪು ಬಟ್ಟೆ ಸುತ್ತಿದ್ದ ಓಲೆಗರಿ ಕಟ್ಟು. ದೊಡ್ಡಪ್ಪನ ಮಗ ಒಂದೇ ಮಾತಲ್ಲಿ ತೀರ್ಮಾನ ಕೊಟ್ಬಿಟ್ಟ, "ಎಲ್ಲಾ ಹಳೇದು ಕಣಣ್ಣ, ಕಾಪಿರೈಟು ಗೀಪಿರೈಟು ಯಾವತ್ತೋ ಮುಗ್ದೋಗಿರತ್ತೆ, ಸ್ಕ್ಯಾನ್ ಮಾಡಿ ನೆಟ್ಟಿಗೆ ಹಾಕ್ಬಿಡೋಣ."

ಅವನ ಮಾತಲ್ಲಿ ಅರ್ಧ ಸರಿ, ಅರ್ಧ ತಪ್ಪು. ಈ ಅರ್ಧ ಯಾವುದು ಅನ್ನೋದರಲ್ಲೇ ಎಲ್ಲರೂ ಎಡವೋದು, ಅದಕ್ಕೇ ಆ ಟ್ರಂಕಿನ ಸಾಮಾನನ್ನೇ ಒಂದೊಂದಾಗಿ ಎತ್ಕೊಂಡು ಹೇಳ್ತೀನಿ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ವಸ್ತು ಬೇರೆ, ಅದರಲ್ಲಿರೋ ಬರಹ ಬೇರೆ. ಟ್ರಂಕು ನಮ್ಮದು, ಪುಸ್ತಕದ ಕಾಗದ ನಮ್ಮದು, ಹಾಗಂತ ಬರಹದ ಹಕ್ಕು ನಮ್ಮದಾಗಲ್ಲ. ಉಲ್ಟಾನೂ ಅಷ್ಟೇ, ದೇವಸ್ಥಾನದ ಕಡತದಲ್ಲಿರೋ ನೂರೈವತ್ತು ವರ್ಷದ ಬರಹಕ್ಕೆ ಕಾಪಿರೈಟ್ ಇಲ್ಲ ಅಂದ್ರೂ ಕಡತ ದೇವಸ್ಥಾನದ್ದೇ, ಅವರು ಬೀಗ ತೆಗೆಯಲ್ಲ ಅಂದ್ರೆ ನೀವು ಕಾನೂನು ಪುಸ್ತಕ ತೋರಿಸಿ ಪ್ರಯೋಜನ ಇಲ್ಲ. ಪಬ್ಲಿಕ್ ಡೊಮೈನ್ ಅಂದ್ರೆ ಬರಹದ ಮೇಲೆ ಯಾರ ಹಕ್ಕೂ ಉಳಿದಿಲ್ಲ ಅಂತ ಮಾತ್ರ, ಯಾರೂ ಕೇಳೋರಿಲ್ಲ ಅಂತಲ್ಲ.

ಈಗ ಲೆಕ್ಕ. ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ಬರೆದವರು ಬದುಕಿರೋವರೆಗೆ, ಆಮೇಲೆ ಇನ್ನೂ 60 ವರ್ಷ ಹಕ್ಕು ಇರುತ್ತೆ. ಮೊದಲು 50 ವರ್ಷ ಇತ್ತು, ರವೀಂದ್ರನಾಥ ಟಾಗೋರರು ತೀರಿಕೊಂಡಿದ್ದು 1941ರಲ್ಲಿ, ಅವರ ಬರಹಗಳ ಹಕ್ಕು 1991ಕ್ಕೆ ಮುಗಿದುಹೋಗುತ್ತೆ ಅಂತ ಗಲಾಟೆ ಆಗಿ ಸರ್ಕಾರ ಹತ್ತು ವರ್ಷ ಎಳೀತು, ಅದು ಟಾಗೋರರಿಗೆ ಮಾತ್ರ ಅಲ್ಲದೆ ಎಲ್ಲರಿಗೂ ಅನ್ವಯ ಆಯ್ತು. 60 ವರ್ಷ ಎಣಿಸೋದು ತೀರಿಕೊಂಡ ದಿನದಿಂದ ಅಲ್ಲ, ಮುಂದಿನ ಜನವರಿ 1ರಿಂದ. ಬಿ.ಎಂ.ಶ್ರೀ 1946ರಲ್ಲಿ ಹೋದ್ರು, ಹಾಗಾಗಿ 2007ರ ಜನವರಿ 1ಕ್ಕೆ ಅವರ ಬರಹ ಎಲ್ಲರದ್ದಾಯ್ತು. ಆಲೂರು ವೆಂಕಟರಾಯರು, ಫ.ಗು. ಹಳಕಟ್ಟಿಯವರು ಇಬ್ಬರೂ 1964ರಲ್ಲಿ ಹೋದವರು, ಇಬ್ಬರದ್ದೂ 2025ರ ಜನವರಿ 1ಕ್ಕೆ. ಡಿವಿಜಿ ಹೋಗಿದ್ದು 1975, ಅಂದ್ರೆ ದಿನಾ ಬೆಳಿಗ್ಗೆ ವಾಟ್ಸಾಪಲ್ಲಿ ಗುಲಾಬಿ ಹೂವಿನ ಜೊತೆ ಬರೋ ಕಗ್ಗ 2036ರ ಜನವರಿವರೆಗೂ ಪಬ್ಲಿಕ್ ಡೊಮೈನ್ ಅಲ್ಲ. ಕುವೆಂಪು 1994, ಅಲ್ಲಿಗೆ 2055. ಪ್ರಕಾಶಕರು ಹಕ್ಕು ಕೊಂಡ್ಕೊಂಡಿದ್ರೂ ಲೆಕ್ಕ ಇದೇ, ಬರೆದವರ ಸಾವಿನಿಂದಲೇ ಎಣಿಕೆ, ಹೊಸ ಮುದ್ರಣ ಬಂದ ತಕ್ಷಣ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗಲ್ಲ.

ಟ್ರಂಕಿನ ಮೊದಲ ಪುಸ್ತಕ ಒಂದು ಭಜನೆ ಪುಸ್ತಕ. ಮುಖಪುಟ ಇಲ್ಲ, ಬರೆದವರ ಹೆಸರಿಲ್ಲ, ಇಸವಿ ಇಲ್ಲ. ಮುನ್ನುಡಿ ಕೆಳಗೆ ಮಾತ್ರ "ರಕ್ತಾಕ್ಷಿ ಸಂವತ್ಸರ" ಅಂತಿದೆ, ಹಿಂದಿನ ರಟ್ಟಲ್ಲಿ "ಬೆಲೆ ಆರಾಣೆ". ಬರೆದವರು ಯಾರು ಅಂತ ಗೊತ್ತಿಲ್ಲದ ಪುಸ್ತಕಕ್ಕೆ ಅಚ್ಚಾದ ವರ್ಷದಿಂದ 60 ವರ್ಷ ಲೆಕ್ಕ, ಹಾಗಾಗಿ ವರ್ಷ ಹಿಡಿಯಬೇಕು. ಸಂವತ್ಸರಗಳು ಅರವತ್ತು ವರ್ಷಕ್ಕೆ ಒಂದು ಸುತ್ತು ಬರ್ತಾವಲ್ಲ, ರಕ್ತಾಕ್ಷಿ ಒಂದ್ಸಲ 1924-25ರಲ್ಲಿ ಬಂದಿದೆ, ಮತ್ತೆ 1984-85ರಲ್ಲಿ. ಆಣೆ ಲೆಕ್ಕ ಹೋಗಿ ನಯಾಪೈಸೆ ಬಂದಿದ್ದು 1957ರ ಏಪ್ರಿಲ್ಲಲ್ಲಿ, 84ರಲ್ಲಿ ಯಾರೂ ಆರಾಣೆ ಅಂತ ಅಚ್ಚು ಹಾಕಲ್ಲ, ಅಲ್ಲಿಗೆ ಇದು 1924-25ರ ಪುಸ್ತಕ, ಆರಾಮಾಗಿ ಬಳಸಬಹುದು. ಹಳೇ ಪುಸ್ತಕ ಕೈಗೆ ಬಂದಾಗ ಬರಹಕ್ಕಿಂತ ಮೊದಲು ರಟ್ಟು, ಬೆಲೆ, ಪ್ರೆಸ್ಸಿನ ಹೆಸರು, ಜಾಹೀರಾತು ನೋಡಿ, ವರ್ಷ ಬಾಯಿಬಿಡೋದು ಅವೇ. ಎಷ್ಟೋ ಜನ ಸ್ಕ್ಯಾನ್ ಮಾಡುವಾಗ ಇದನ್ನೇ ಬಿಟ್ಟು ಒಳಗಿನ ಪುಟ ಮಾತ್ರ ಮಾಡ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಎರಡನೇದು ತ್ರಿವೇಣಿಯವರ ಒಂದು ಕಾದಂಬರಿ, ಇದು ನನ್ನ ಮೆಚ್ಚಿನ ಉದಾಹರಣೆ. ತ್ರಿವೇಣಿ ತುಂಬಾ ಚಿಕ್ಕ ವಯಸ್ಸಿಗೆ, 1963ರಲ್ಲೇ ಹೋಗಿಬಿಟ್ರು, ಹಾಗಾಗಿ ಅವರು ಇದ್ದಾಗ ಅಚ್ಚಾದ ಕಾದಂಬರಿಗಳೆಲ್ಲಾ 2024ರ ಜನವರಿ 1ಕ್ಕೆ ಪಬ್ಲಿಕ್ ಡೊಮೈನಿಗೆ ಬಂದ್ವು. ಅವರು ಹೋದಮೇಲೆ ಮೊದಲ ಸಲ ಅಚ್ಚಾಗಿದ್ದು ಯಾವುದಾದ್ರೂ ಇದ್ರೆ ಅದಕ್ಕೆ ಅಚ್ಚಾದ ವರ್ಷದಿಂದ 60, ಅದನ್ನ ಬೇರೆ ನೋಡ್ಕೋಬೇಕು. ಈಗ 'ಬೆಳ್ಳಿ ಮೋಡ' ತಗೊಳ್ಳಿ. ಕಾದಂಬರಿ ನಮ್ಮೆಲ್ಲರದ್ದು, ಊರ ಗಣಪತಿ ಉತ್ಸವಕ್ಕೆ ನಾಟಕ ಮಾಡಿಕೊಂಡು ಆಡಿ, ಓದಿ ರೆಕಾರ್ಡ್ ಮಾಡಿ ಆಡಿಯೋ ಬುಕ್ ಮಾಡಿ, ಯಾರನ್ನೂ ಕೇಳಬೇಕಿಲ್ಲ. ಆದ್ರೆ ಪುಟ್ಟಣ್ಣ ಕಣಗಾಲರ ಸಿನಿಮಾ 1967ರದ್ದು, ಸಿನಿಮಾಗೆ ಬಿಡುಗಡೆಯಿಂದ 60 ವರ್ಷ, ಅದು 2028ರ ಜನವರಿವರೆಗೂ ಇಲ್ಲ. ಅದರಲ್ಲಿರೋ "ಮೂಡಲ ಮನೆಯ" ಬೇಂದ್ರೆಯವರ ಪದ್ಯ, ಬೇಂದ್ರೆ ಹೋಗಿದ್ದು 1981, ಪದ್ಯ 2042ಕ್ಕೆ. ಹೆಸರು ಒಂದೇ, ಒಳಗೆ ಮೂರು ಗಡಿಯಾರ, ಮೂರೂ ಬೇರೆ ಬೇರೆ ಹೊತ್ತು ತೋರಿಸ್ತವೆ. ನಾಟಕ ಆಡುವಾಗ ಮಧ್ಯೆ ಆ ಹಾಡು ಹಾಕಿದ್ರೋ, ಕಥೆ ಬಿಟ್ಟಿ, ಹಾಡು ಬಿಟ್ಟಿ ಅಲ್ಲ.

ಇದು ಇಲ್ಲಿನ ಕಥೆ. ಅಮೆರಿಕದಲ್ಲಿರೋ ಕನ್ನಡ ಕೂಟದವರು ಅಲ್ಲಿ ಇದನ್ನೇ ಮಾಡ್ತೀವಿ ಅಂದ್ರೆ ಲೆಕ್ಕ ಬೇರೆ. 1996ರ ಜನವರಿ 1ಕ್ಕೆ ಭಾರತದಲ್ಲಿ ಹಕ್ಕು ಇನ್ನೂ ಉಳಿದಿದ್ದ ಹಳೇ ಪುಸ್ತಕಗಳಿಗೆ ಅಮೆರಿಕದವರು ಅಚ್ಚಾದ ವರ್ಷದಿಂದ 95 ವರ್ಷ ಕೊಟ್ಟಿದ್ದಾರೆ, ಅಂದ್ರೆ ತ್ರಿವೇಣಿಯವರ 1950ರ ದಶಕದ ಕಾದಂಬರಿ ಅಲ್ಲಿ ಇನ್ನೂ ಬಂದೋಬಸ್ತಲ್ಲಿದೆ. ಹಳೇ ಪುಸ್ತಕ, ಫೋಟೋಗಳನ್ನ ಎಲ್ಲರಿಗೂ ಬಿಟ್ಟಿ ಸಿಗೋ ಹಾಗೆ ಇಡೋ ವಿಕಿಸೋರ್ಸ್, ವಿಕಿಮೀಡಿಯ ಕಾಮನ್ಸ್‌ಗೆ ಹಾಕಿದ್ದು ಕೆಲವೊಮ್ಮೆ ಡಿಲೀಟ್ ಆಗೋದು ಇದೇ ಕಾರಣಕ್ಕೆ, ಅವರ ಸರ್ವರು, ಅವರ ಕಾನೂನು ಅಲ್ಲಿಯದ್ದು. ಇಲ್ಲಿ ಸರಿ ಇರೋದು ಅಲ್ಲಿ ಯಾಕೆ ತಪ್ಪು ಅಂತ ಜಗಳಕ್ಕೆ ಹೋಗಬೇಡಿ, ನಾನು ಹೋಗಿದ್ದೆ.

ಮೂರನೇದು ವಚನಗಳ ಒಂದು ಪುಸ್ತಕ, ಹಳೇ ಮುದ್ರಣ. ಹಳಕಟ್ಟಿಯವರ ಹೆಸರು ಆಗಲೇ ಹೇಳಿದೆ, ಅವರು ವಿಜಯಪುರ ಸೀಮೆಯಲ್ಲಿ ಮನೆಮನೆ ಅಲೆದು, ಜಗಲಿ ಮೇಲೆ ಪೂಜೆ ಮಾಡ್ಕೊಂಡು ಇಟ್ಟಿದ್ದ ಓಲೆಗರಿ ಕಟ್ಟುಗಳನ್ನ ಕೇಳಿ ಪಡೆದು, ಪ್ರತಿ ಮಾಡಿ, 1923ರಲ್ಲಿ 'ವಚನಶಾಸ್ತ್ರಸಾರ' ತಂದವರು, ಆಮೇಲೆ ತಮ್ಮದೇ ಪ್ರೆಸ್ ಹಾಕಿ ಅದಕ್ಕೂ ಕೈಯಾರೆ ದುಡ್ಡು ಸುರಿದವರು. ಊರವರ ಮನೆಯಿಂದ ಸಾಹಿತ್ಯ ಹೊರತೆಗೆಯೋ ಕೆಲಸಕ್ಕೆ ನಮ್ಮಲ್ಲಿ ಇದಕ್ಕಿಂತ ದೊಡ್ಡ ಮೇಲ್ಪಂಕ್ತಿ ಇಲ್ಲ. ಹನ್ನೆರಡನೇ ಶತಮಾನದ ವಚನಕ್ಕೆ ಕಾಪಿರೈಟ್ ಇಲ್ಲ, ಹಳಕಟ್ಟಿಯವರ ಮುನ್ನುಡಿ ಟಿಪ್ಪಣಿಗೂ ಈಗ ಇಲ್ಲ. ಆದ್ರೆ ಇತ್ತೀಚಿನ ಸಂಪಾದಿತ ಆವೃತ್ತಿಗಳು, 1993ರ ಸಮಗ್ರ ವಚನ ಸಂಪುಟದಂಥವು, ಅವುಗಳ ಪ್ರಸ್ತಾವನೆ, ಟಿಪ್ಪಣಿ, ಪದಕೋಶಕ್ಕೆ ಹಕ್ಕಿದೆ. ಕಿಟ್ಟೆಲ್ ನಿಘಂಟಿಗೂ ಇದೇ ಮಾತು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಲ್ಲಿ ಅಚ್ಚಾದ ಮೂಲ ಯಾರು ಬೇಕಾದ್ರೂ ಆ್ಯಪ್ ಮಾಡ್ಕೊಳ್ಳಿ, 1968-71ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ತಂದ ಪರಿಷ್ಕೃತ ಸಂಪುಟಗಳಲ್ಲಿ ಹೊಸದಾಗಿ ಸೇರಿಸಿದ್ದಕ್ಕೆ ಕೈ ಹಾಕಬೇಡಿ.

ನಾನೇ ಇದರಲ್ಲಿ ಮುಗ್ಗರಿಸಿದ್ದೀನಿ. ಕೆಲವು ವರ್ಷದ ಹಿಂದೆ ಒಂದು ಹಳೇ ಕಾವ್ಯ, ಕವಿ ಸತ್ತು ಮುನ್ನೂರು ವರ್ಷ ಆಗಿದೆ ಅಂತ ಧೈರ್ಯವಾಗಿ ಅಂಗಡಿಯಿಂದ ತಂದ ಪುಸ್ತಕ ಪೂರ್ತಿ ಸ್ಕ್ಯಾನ್ ಮಾಡಿ ಹಾಕಿದೆ. ವಾರದಲ್ಲಿ ಪ್ರಕಾಶಕರಿಂದ ಪತ್ರ ಬಂತು, ಪದ್ಯಕ್ಕೆ ಅವರದ್ದೇನೂ ತಕರಾರಿಲ್ಲ, ಪ್ರತಿ ಪದ್ಯದ ಕೆಳಗೆ ಇರೋ ಗದ್ಯಾನುವಾದ ಮೂರು ವರ್ಷದ ಹಿಂದೆ ಒಬ್ಬರು ಬರೆದದ್ದು. ನನಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ. ಇಳಿಸಿ, ಕ್ಷಮೆ ಕೇಳಿ, ಪದ್ಯಗಳನ್ನ ಮಾತ್ರ 1910ರ ಸುಮಾರಿನ ಮುದ್ರಣದಿಂದ ಮತ್ತೆ ಟೈಪ್ ಮಾಡಿದೆ. ಅವತ್ತಿಂದ ಒಂದು ಅಭ್ಯಾಸ, ಯಾವ ಬರಹವೇ ಆದ್ರೂ ಸಾಧ್ಯವಾದಷ್ಟು ಹಳೇ ಮುದ್ರಣ ಹುಡುಕೋದು.

ಉಲ್ಟಾ ಕೇಸೂ ಇದೆ. ಪೂರ್ತಿ ಹಕ್ಕು ಮುಗಿದ ಪುಸ್ತಕವನ್ನ ಸ್ಕ್ಯಾನ್ ಮಾಡಿ, ಪ್ರತಿ ಪುಟದ ಮೇಲೆ ತಮ್ಮ ಹೆಸರಿನ ನೀರುಗುರುತು ಹಾಕಿ "ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ" ಅಂತ ಬರ್ಕೊಳ್ಳೋ ಸಂಸ್ಥೆಗಳಿದ್ದಾವೆ. 2007ರಲ್ಲಿ ಸುಪ್ರೀಂ ಕೋರ್ಟು ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ.ಬಿ. ಮೋದಕ್ ನಡುವಿನ ಕೇಸಲ್ಲಿ ಬರೀ ಶ್ರಮ ಹಾಕಿದ್ರೆ, ದುಡ್ಡು ಖರ್ಚು ಮಾಡಿದ್ರೆ ಕಾಪಿರೈಟ್ ಹುಟ್ಟಲ್ಲ, ಒಂಚೂರಾದ್ರೂ ಸ್ವಂತ ಸೃಜನಶೀಲತೆ ಬೇಕು ಅಂತ ಹೇಳಿದೆ. ಕೋರ್ಟಿನ ತೀರ್ಪುಗಳನ್ನ ಅಚ್ಚು ಹಾಕೋ ಕಂಪನಿಯ ಜಗಳ ಅದು, ಪುಸ್ತಕ ಸ್ಕ್ಯಾನಿನದ್ದಲ್ಲ, ಆದ್ರೆ ಅದೇ ತರ್ಕ ಇಲ್ಲಿಗೂ ಹೊಂದುತ್ತೆ ಅಂತ ನನ್ನ ತಿಳುವಳಿಕೆ. ಇದ್ದದ್ದನ್ನ ಇದ್ದಂಗೇ ಫೋಟೋ ಹೊಡೆದ್ರೆ ಹೊಸ ಹಕ್ಕು ಎಲ್ಲಿಂದ ಬರುತ್ತೆ? ಆದ್ರೂ ಆ ಸಂಸ್ಥೆಯ ಮೆಂಬರ್ ಆಗುವಾಗ ನೀವು ಏನಕ್ಕೆ ಸೈನ್ ಹಾಕಿದ್ದೀರಿ ನೋಡ್ಕೊಳ್ಳಿ, ಕಾಪಿರೈಟ್ ಇಲ್ಲದಿದ್ರೂ ಕೊಟ್ಟ ಮಾತಿನ ಕಟ್ಟು ಇರುತ್ತೆ.

ಇನ್ನು ಸ್ಮರಣ ಸಂಚಿಕೆ, 1968ರದ್ದು. ಊರಿನ ಇತಿಹಾಸಕ್ಕೆ ಇಂಥ ಸಂಚಿಕೆಗಳಷ್ಟು ಒಳ್ಳೇ ಮೂಲ ಇನ್ನೊಂದಿಲ್ಲ, ಮೊದಲ ಬಸ್ಸು ಯಾವಾಗ ಬಂತು, ಕೆರೆ ಕೋಡಿ ಯಾವಾಗ ಒಡೀತು, ಶಾಲೆಗೆ ಜಾಗ ಕೊಟ್ಟೋರು ಯಾರು ಎಲ್ಲಾ ಅದರಲ್ಲೇ ಇರುತ್ತೆ. ಕಾಪಿರೈಟ್ ದೃಷ್ಟಿಯಿಂದ ಮಾತ್ರ ಇದು ದೊಡ್ಡ ತಲೆನೋವು, ಯಾಕಂದ್ರೆ ಇಪ್ಪತ್ತು ಲೇಖನ ಅಂದ್ರೆ ಇಪ್ಪತ್ತು ಜನ, ಪ್ರತಿಯೊಬ್ಬರಿಗೂ ಬೇರೆ ಲೆಕ್ಕ. ಹೆಸರಿಲ್ಲದ ಟಿಪ್ಪಣಿಗಳು 2029ರ ಜನವರಿಗೆ ಬಿಡುಗಡೆ, ಹೆಸರಿರೋದು ಅವರವರ ಆಯಸ್ಸಿನ ಮೇಲೆ. ಆದ್ರೆ ಒಂದು ಮರೀಬೇಡಿ, ಹಕ್ಕಿರೋದು ಬರೆದ ರೀತಿಗೆ, ಸಂಗತಿಗಲ್ಲ. ಕೆರೆ ಕೋಡಿ ಒಡೆದ ವರ್ಷ ಯಾರ ಆಸ್ತಿಯೂ ಅಲ್ಲ, ಓದಿ ನಿಮ್ಮ ಮಾತಲ್ಲಿ ಬರೀರಿ, ಇಂಥ ಸಂಚಿಕೆಯಿಂದ ಅಂತ ಹೇಳಿ, ಮುಗೀತು.

ಸರ್ಕಾರದ ಪುಸ್ತಕಗಳಿಗೆ ಪ್ರಕಟ ಆದ ವರ್ಷದಿಂದ 60. ಸಿ. ಹಯವದನರಾಯರ ಸಂಪಾದಕತ್ವದ ಮೈಸೂರು ಗೆಝೆಟಿಯರ್ 1927-30ರದ್ದು, ಬಿ.ಎಲ್. ರೈಸ್ ತಂದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಹಳೇ ಸಂಪುಟಗಳು ಅದಕ್ಕೂ ಹಿಂದಿನವು, ಎರಡೂ ಸ್ವತಂತ್ರ. ನಿಮ್ಮ ಹೋಬಳಿಯ ಶಾಸನ, ವೀರಗಲ್ಲು ಏನಿದೆ ಅಂತ ಹುಡುಕೋರು ರೈಸ್ ಸಂಪುಟದಲ್ಲಿ ತಾಲ್ಲೂಕಿನ ಪ್ರಕಾರ ಹಾಕಿರೋ ನಂಬರ್ ಹಿಡ್ಕೊಂಡು ಊರೊಳಗೆ ಹೋಗಿ ನೋಡಿ, ಕೆಲವು ಕಲ್ಲು ಈಗ ಬಟ್ಟೆ ಒಗೆಯೋ ಕಲ್ಲಾಗಿರುತ್ತೆ.

ಗ್ರೂಪ್ ಫೋಟೋ ವಿಷಯದಲ್ಲಿ ಕಾನೂನು ಸ್ವಲ್ಪ ತಮಾಷೆಯಾಗಿದೆ. ದುಡ್ಡು ಕೊಟ್ಟು ಸ್ಟುಡಿಯೋದವರಿಂದ ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಆಗಿರದಿದ್ರೆ, ಮೊದಲ ಹಕ್ಕುದಾರ ದುಡ್ಡು ಕೊಟ್ಟವನು, ಫೋಟೋಗ್ರಾಫರ್ ಅಲ್ಲ. ಅವಧಿ ಎಣಿಸೋ ಕ್ರಮ 2012ರಲ್ಲಿ ಬದಲಾಯ್ತು, ಅದಕ್ಕೆ ಮೊದಲು ಪ್ರಕಟ ಆದ ವರ್ಷದಿಂದ 60 ಇತ್ತು, ಈಗ ಫೋಟೋ ತೆಗೆದವರ ಸಾವಿನಿಂದ 60. ನಮ್ಮ ಫೋಟೋದ ಹಿಂದೆ ಸ್ಟುಡಿಯೋ ಮೊಹರು ಬಿಟ್ರೆ ಇನ್ನೇನಿಲ್ಲ, ಅದನ್ನ ಸದ್ಯಕ್ಕೆ ಮನೆಯವರ ಗ್ರೂಪಿಗೆ ಮಾತ್ರ ಹಾಕಿದ್ದೀವಿ, ನಿಂತವರಲ್ಲಿ ಹನ್ನೊಂದು ಜನರ ಹೆಸರು ಸಿಕ್ಕಿದೆ.

ಇನ್‌ಲ್ಯಾಂಡ್ ಲೆಟರ್ ಕಟ್ಟನ್ನ ಅಲ್ಲೇ ಕಟ್ಟಿ ಇಟ್ವಿ. ಕಾಗದ ಬಂದವರದ್ದು, ಅದರೊಳಗಿನ ಬರಹ ಬರೆದವರದ್ದು. ಅದೂ ಅಲ್ಲದೆ ಎಲ್ಲೂ ಪ್ರಕಟ ಆಗದ ಬರಹಕ್ಕೆ, ಬರೆದವರು ಹೋದಮೇಲೆ, ಅದು ಮೊದಲ ಸಲ ಪ್ರಕಟ ಆದಾಗಿನಿಂದ 60 ವರ್ಷ ಎಣಿಕೆ, ಅಂದ್ರೆ ಬೀರುವಿನಲ್ಲಿ ಬಿದ್ದಿರೋವರೆಗೂ ಗಡಿಯಾರ ಓಡೋಕೇ ಶುರುವಾಗಿರಲ್ಲ. ಕಾನೂನು ಪಕ್ಕಕ್ಕಿಡಿ, ಯಾರೋ ಮಗಳ ಮದುವೆಗೆ ಸಾಲ ಕೇಳಿ ಬರೆದದ್ದನ್ನ ನೆಟ್ಟಿಗೆ ಹಾಕೋಕೆ ಮನಸ್ಸು ಬರಬೇಕಲ್ಲ.

ಓಲೆಗರಿ ಕಟ್ಟು ಬಿಚ್ಚಿ ನೋಡಿದ್ರೆ ಭಾರತ ಅನ್ನಿಸ್ತು, ಕುಮಾರವ್ಯಾಸನದ್ದೇ ಇರಬೇಕು, ಪದಗಳ ಮಧ್ಯೆ ಜಾಗ ಇಲ್ಲದೆ ಒಂದೇ ಸಮ ಬರ್ಕೊಂಡು ಹೋಗಿದ್ದಾರೆ, ಎಂಟು ಸಾಲು ಓದೋಷ್ಟ್ರಲ್ಲಿ ಕಣ್ಣು ಮಂಜಾಯ್ತು. ಬರಹ ಸ್ವತಂತ್ರ, ಅನುಮಾನ ಇಲ್ಲ. ಆದ್ರೆ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 75 ವರ್ಷ ದಾಟಿದ ಬೆಲೆಬಾಳೋ ಹಸ್ತಪ್ರತಿ ಪುರಾತನ ವಸ್ತು, ನಾವು ಇಷ್ಟಬಂದಂಗೆ ಹೊರದೇಶಕ್ಕೆ ಮಾರೋ ಹಾಗಿಲ್ಲ. ಎಣ್ಣೆ ಹಚ್ಚೋಕೆ, ಒರೆಸೋಕೆ ಹೋಗಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಂಥ ಕಡೆ ಹಸ್ತಪ್ರತಿ ನೋಡ್ಕೊಳ್ಳೋ ವಿಭಾಗ ಇದೆ. ಕೌಟಿಲ್ಯನ ಅರ್ಥಶಾಸ್ತ್ರ ಹೊರಬಂದಿದ್ದೇ ಹಾಗೆ, ಯಾರೋ ಪಂಡಿತರು ಮೈಸೂರಿನ ಆ ಲೈಬ್ರರಿಗೆ ತಂದುಕೊಟ್ಟ ಓಲೆಗರಿಯನ್ನ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದ್ದಕ್ಕೆ.

ನಮ್ಮ ಟ್ರಂಕು ಒಂದು. ಊರಲ್ಲಿ ಇಂಥವು ಎಷ್ಟಿದಾವೋ. ಹುಡುಕೋಕೆ ಹೊರಟಾಗ "ಹಳೇ ಪುಸ್ತಕ ಇದ್ಯಾ" ಅಂತ ಕೇಳಿದ್ರೆ ನೂರಕ್ಕೆ ತೊಂಬತ್ತು ಮನೆಯಲ್ಲಿ "ಇಲ್ಲ" ಅಂತಾರೆ, ಅವರ ಪ್ರಕಾರ ಪುಸ್ತಕ ಅಂದ್ರೆ ಸ್ಕೂಲಿನದ್ದು. ಹಾಗೆ ಕೇಳಬೇಡಿ. "ಯಜಮಾನ್ರು ನಾಟಕದಲ್ಲಿ ಭೀಮನ ಪಾರ್ಟು ಮಾಡ್ತಿದ್ರಂತಲ್ಲ, ಮಾತು ಬರ್ಕೊಂಡಿದ್ದು ಇದ್ಯಾ", "ಜಾತ್ರೆ ಹ್ಯಾಂಡ್‌ಬಿಲ್ಲು ಯಾವುದಾದ್ರೂ ಉಳಿದಿದ್ಯಾ", "ಭಜನೆ ಮಂಡಳಿ ಪುಸ್ತಕ ಯಾರ ಹತ್ರ ಇದೆ" ಅಂತ ಕೇಳಿ, ಆಗ ನೋಡಿ ಕಾಫಿ ಜೊತೆ ಏನೇನು ಹೊರಗೆ ಬರುತ್ತೆ. ರಿಟೈರ್ ಆದ ಮೇಷ್ಟ್ರು, ದೇವಸ್ಥಾನದ ಪಾರುಪತ್ತೇದಾರರು, ತಾಲ್ಲೂಕಿನ ಹಳೇ ಪ್ರಿಂಟಿಂಗ್ ಪ್ರೆಸ್ಸು, ಗುಜರಿ ಅಂಗಡಿ, ಈ ನಾಲ್ಕು ಕಡೆ ಖಂಡಿತ ಹೋಗಿ. ಗುಜರಿಯವನ ಹತ್ರ ಬೇಸಿಗೆ ರಜದಲ್ಲಿ ಹೋದ್ರೆ ಒಳ್ಳೇದು, ಜನ ಮನೆ ಸುಣ್ಣ ಹೊಡಿಸೋ ಮೊದಲು ತೂಕಕ್ಕೆ ಹಾಕಿರ್ತಾರೆ. ಗ್ರಾಮ ಪಂಚಾಯ್ತಿ ಲೈಬ್ರರಿಗಳಲ್ಲಿ ಹಳೇ ಪುಸ್ತಕಗಳು ಮುಂದಿನ ರ‍್ಯಾಕಲ್ಲಿ ಇರಲ್ಲ, ಹಿಂದೆ ಬೀಗ ಹಾಕಿದ ಬೀರು ಇರುತ್ತಲ್ಲ ಅಲ್ಲಿ, ಅದರ ಬೀಗದ ಕೈ ಎಲ್ಲಿದೆ ಅನ್ನೋದೇ ಅರ್ಧ ದಿನದ ಕೆಲಸ.

ಸಿಕ್ಕಿದ್ದನ್ನ ಮನೆಗೆ ತಗೊಂಡು ಹೋಗ್ತೀನಿ ಅನ್ನಬೇಡಿ, ಅಲ್ಲೇ ಕೂತು ಫೋನಲ್ಲಿ ಹೊಡೀರಿ. ಕಿಟಕಿ ಬೆಳಕು, ಫ್ಲ್ಯಾಶ್ ಬೇಡ, ಪುಸ್ತಕವನ್ನ ಪೂರ್ತಿ ಒತ್ತಿ ಬಿಚ್ಚಬೇಡಿ, ಎರಡೂ ಕಡೆ ಒಂದೊಂದು ದಿಂಬು ಕೊಟ್ರೆ ಬೈಂಡು ಉಳಿಯುತ್ತೆ. ಆಮೇಲೆ ಓಸಿಆರ್, ಅಂದ್ರೆ ಫೋಟೋದಲ್ಲಿರೋ ಅಕ್ಷರವನ್ನ ಕಂಪ್ಯೂಟರೇ ಓದಿ ಟೈಪ್ ಮಾಡಿದ ಬರಹ ಮಾಡೋದು. ಕನ್ನಡಕ್ಕೆ ಟೆಸೆರಾಕ್ಟ್ ಅನ್ನೋ ಸಾಫ್ಟ್‌ವೇರ್ ಇದೆ, ಗೂಗಲ್‌ದಿದೆ, ಹೊಸ ಪುಸ್ತಕಕ್ಕೆ ಚೆನ್ನಾಗೇ ಓದುತ್ತವೆ, ಹಳೇ ಮೊಳೆ ಅಚ್ಚಿಗೆ ಬಂದ್ರೆ ಗೊತ್ತಾಗುತ್ತೆ ಅವುಗಳ ಬಂಡವಾಳ. "ಧರ್ಮ" ಅನ್ನೋದನ್ನ "ಧಮ೯" ಅಂತ ಓದುತ್ತೆ, ಅರ್ಕಾವತ್ತು ಅದರ ಕಣ್ಣಿಗೆ ಒಂಬತ್ತು. ಅನುಸ್ವಾರ "ಂ" ಇರೋ ಕಡೆ ಅಂಕಿ ಸೊನ್ನೆ "೦" ಹಾಕಿರುತ್ತೆ, ಕಣ್ಣಿಗೆ ಎರಡೂ ಒಂದೇ ಥರ, ಆದ್ರೆ ಆಮೇಲೆ ಹುಡುಕಿದ್ರೆ ಪದ ಸಿಗಲ್ಲ. ಹಳಗನ್ನಡದ ಱ, ೞ ಬಂತು ಅಂದ್ರೆ ದೇವರೇ ಗತಿ. ಇದನ್ನೆಲ್ಲಾ ಕೂತು ತಿದ್ದಬೇಕು. ಕನ್ನಡ ವಿಕಿಸೋರ್ಸಲ್ಲಿ ಇದಕ್ಕೆ ಒಳ್ಳೇ ವ್ಯವಸ್ಥೆ ಇದೆ, ಎಡಗಡೆ ಬರಹ ಬಲಗಡೆ ಸ್ಕ್ಯಾನ್ ಇಟ್ಕೊಂಡು ತಿದ್ದೋದು, ಒಬ್ಬರು ತಿದ್ದಿದ್ರೆ ಪುಟ ಹಳದಿ, ಇನ್ನೊಬ್ಬರು ಮತ್ತೆ ನೋಡಿದ್ರೆ ಹಸಿರು. ರಾತ್ರಿ ಊಟ ಆದಮೇಲೆ ದಿನಕ್ಕೆ ಎರಡು ಪುಟ ಅಂತ ಮಾಡಿದ್ರೂ ಭಜನೆ ಪುಸ್ತಕ ತಿಂಗಳಲ್ಲಿ ಮುಗೀತು.

ಹಕ್ಕು ಮುಗಿಯದ ಸಾಮಾನಿಗೆ ಇನ್ನೊಂದು ದಾರಿ ಇದೆ, ಕೇಳೋದು. ನಿರಂಜನರ ಬರಹಗಳ ಹಕ್ಕು ಕಾನೂನು ಪ್ರಕಾರ 2050 ದಾಟೋವರೆಗೂ ಇತ್ತು, ಆದ್ರೆ ಅವರ ಮನೆಯವರೇ 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿ ಬಿಟ್ಟುಕೊಟ್ರು. ಮೈಸೂರು ವಿಶ್ವವಿದ್ಯಾಲಯ ಕನ್ನಡ ವಿಶ್ವಕೋಶಕ್ಕೆ ಹಾಗೇ ಮಾಡ್ತು. ಇದು ಪಬ್ಲಿಕ್ ಡೊಮೈನ್ ಅಲ್ಲ, ಹಕ್ಕು ಅವರದ್ದೇ, ಷರತ್ತಿನ ಮೇಲೆ ಬಳಸೋಕೆ ಬಿಟ್ಟಿದ್ದಾರೆ, ಹೆಸರು ಹೇಳಬೇಕು, ನೀವು ಮಾಡಿದ್ದನ್ನೂ ಅದೇ ಲೈಸೆನ್ಸಲ್ಲಿ ಬಿಡಬೇಕು. ಎರಡನ್ನೂ ಕಲಸಿ ಹೇಳೋರು ಜಾಸ್ತಿ. ನಮ್ಮ ಕುರುಕ್ಷೇತ್ರದ ಕೈಬರಹಕ್ಕೆ ನಾನು ಮಾಡಿದ್ದು ಇದನ್ನೇ. ಬರೆದ ನಾಟಕದ ಮೇಷ್ಟ್ರು ಹೋಗಿದ್ದು 1971ರಲ್ಲಿ, ಪುಸ್ತಕ ಅಚ್ಚಾಗಿಲ್ಲ, ಆದ್ರೆ ಜಾತ್ರೆಯಲ್ಲಿ ಜನರ ಮುಂದೆ ಆಡಿದ ನಾಟಕವನ್ನ ಕಾಯ್ದೆ ಈ ಲೆಕ್ಕಕ್ಕೆ ಪ್ರಕಟ ಆದ ಹಾಗೇ ನೋಡುತ್ತೆ, ಹಾಗಾಗಿ 2032ರ ಜನವರಿ. ಅವರ ಮೊಮ್ಮಗ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಕೊಂಡಿದ್ದಾನೆ. ಒಂದು ಹಾಳೆಯಲ್ಲಿ ಏನು ಬರಹ, ಎಷ್ಟು ಪುಟ, ಯಾವ ಲೈಸೆನ್ಸು, ದುಡ್ಡು ಮಾಡಿಕೊಳ್ಳೋರೂ ಬಳಸಬಹುದಾ ಇಲ್ವಾ ಎಲ್ಲಾ ಕನ್ನಡದಲ್ಲೇ ಬರ್ಕೊಂಡು ಹೋಗಿದ್ದೆ, ಬಾಯಿ ಮಾತು ಸಾಲಲ್ಲ, ಬರಹದಲ್ಲೇ ಇರಬೇಕು. ಓದಿ, "ತಾತನ ಹೆಸರು ಹಾಕ್ತೀರಲ್ಲ ಸಾರ್?" ಅಂದ. ಹಾಕ್ತೀನಿ ಅಂದೆ. ಅವರ ಅಣ್ಣ ಬೆಂಗಳೂರಲ್ಲಿದ್ದಾನೆ, ಅವನ ಸೈನೂ ಬೇಕು, ವಾರಸುದಾರರು ಎಷ್ಟು ಜನವೋ ಅಷ್ಟೂ ಜನದ್ದು ಬೇಕಲ್ಲ. ಅದು ಬರೋಕೆ ಇನ್ನೊಂದು ಎರಡು ತಿಂಗಳು ಹಿಡೀತು.

ಉಳಿದಿದ್ದು ಅಜ್ಜಿಯ ನೋಟ್ ಬುಕ್ಕು, ಕ್ಯಾಸೆಟ್ಟು. ಸೋಬಾನೆ, ರಾಗಿ ಬೀಸೋ ಪದ, ಇಂಥ ಹಾಡಿಗೆ ಇಂಥವರು ಬರೆದರು ಅಂತ ಇಲ್ಲ, ಹಾಡು ಎಲ್ಲರದ್ದು. ಆದ್ರೆ ಸಂಗ್ರಹ ಮಾಡಿ ಪುಸ್ತಕ ಮಾಡಿದವರ ಆಯ್ಕೆ, ಜೋಡಣೆ, ಟಿಪ್ಪಣಿಗೆ ಹಕ್ಕಿರುತ್ತೆ. ಹಲಸಂಗಿ ಅನ್ನೋ ಊರಿನ ಸಾಹಿತ್ಯಾಸಕ್ತರ ಗುಂಪು, ಹಲಸಂಗಿ ಗೆಳೆಯರು, 1931ರಲ್ಲಿ 'ಗರತಿಯ ಹಾಡು' ತಂದ್ರು, ಅವರಲ್ಲಿ ಮಧುರಚೆನ್ನರು 1953ರಲ್ಲೇ ಹೋದ್ರು, ಜೊತೆಗಿದ್ದ ಸಿಂಪಿ ಲಿಂಗಣ್ಣನವರು 1990ರ ದಶಕದವರೆಗೂ ಇದ್ರು. ಕೂಡಿ ಮಾಡಿದ ಕೃತಿಗೆ ಕೊನೆಗೆ ಹೋದವರಿಂದ ಎಣಿಕೆ. ಹಾಗಾಗಿ ಅದರಲ್ಲಿರೋ ತ್ರಿಪದಿಯನ್ನ ನೀವು ಹಾಡಬಹುದು, ಇಡೀ ಪುಸ್ತಕವನ್ನ ಇದ್ದಂಗೇ ಎತ್ತಿ ಹಾಕೋದು ಬೇರೆ ವಿಷಯ.

ಕ್ಯಾಸೆಟ್ಟಿನ ಮೇಲೆ ದೊಡ್ಡಪ್ಪನ ಅಕ್ಷರದಲ್ಲಿ "ಮದುವೆ 2001, ಹೆಂಗಸರ ಹಾಡು" ಅಂತಿದೆ. ಹಾಡು ಎಲ್ಲರದ್ದಾದ್ರೂ ಹಾಡಿದ ದನಿ ಹಾಡಿದವರದ್ದು, ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಅಂತ 50 ವರ್ಷ ಇದೆ, ಅಂದ್ರೆ 2052ರ ಜನವರಿವರೆಗೆ. ಹಾಡಿದ ಐದು ಜನರಲ್ಲಿ ಇಬ್ಬರು ಇದ್ದಾರೆ. ಒಬ್ಬರು ನಮ್ಮ ಬೀದಿಯವರೇ, ನಾವು ದೊಡ್ಡವ್ವ ಅಂತೀವಿ, ಹೋಗಿ ಕೇಳಿದೆ. "ಪದ ನಂದೇನ್ಲಾ ಮಗಾ, ನಮ್ಮತ್ತೆ ಹೇಳ್ಕೊಟ್ಟಿದ್ದು" ಅಂದ್ರು. ಪದ ಅಲ್ಲ ದೊಡ್ಡವ್ವ, ನಿಮ್ಮ ದನಿ ಹಾಕ್ಲಾ ಅಂತ ಕೇಳ್ತಿರೋದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲು ನನಗೊಂದ್ಸಲ ಕೇಳಿಸು, ಚೆನ್ನಾಗಿದ್ರೆ ಹಾಕು ಅಂದ್ರು. ಸರಿಯಾದ ಮಾತೇ. ಈಗ ಓಡೋ ಸ್ಥಿತಿಯಲ್ಲಿರೋ ಒಂದು ಟೇಪ್ ರೆಕಾರ್ಡರ್ ಹುಡುಕ್ತಾ ಇದ್ದೀನಿ, ಟೇಪು ಒಂದು ಕಡೆ ಅಂಟ್ಕೊಂಡಿದೆ.